ಮಾಳಿಗೆ ಹೊತ್ತ ಮೋಟಾರು

ಹೋದ ತಿಂಗಳು ನನ್ನ ಮೊಮ್ಮಗಳು ತನ್ನ ಕಾರಿನಲ್ಲಿ ನನ್ನನ್ನು ಹಡಗಲಿಗೆ ಕರಕೊಂಡು ಹೋದಳು. ಡ್ರೈವರು ಗೀವರು ಯಾರೂ ಇಲ್ಲ, ಅವಳೇ ಓಡಿಸಿದಳು! ಜೀವಮಾನವೆಲ್ಲ ಸ್ಟೇರಿಂಗ್ ಹಿಡಿದೇ ಅನ್ನ ತಿಂದವನು ನಾನು. ನನ್ನ ವಂಶದ ಹೆಣ್ಣುಕೂಸು ಗೇರು ಹಾಕೋದನ್ನು ಪಕ್ಕದಲ್ಲಿ ಕುಂತು ನೋಡೋ ಭಾಗ್ಯ ಬಂದರೆ ಸುಮ್ಮನೆ ಹೇಗಿರಲಿ? ಕೊಟ್ಟೂರು ದಾಟುವ ತನಕ ನಗುತ್ತಲೇ ಇದ್ದೆ.

"ಯಾಕ ತಾತ, ನೀನೊಬ್ಬನ ನಗಾಕತ್ತೀಯಲ್ಲ?" ಅಂದಳು.

"ನಕ್ಕರ ನಿನ್ನ ಗಾಡಿ ಪೆಟ್ರೋಲ್ ಜಾಸ್ತಿ ಕುಡಿತೈತೇನು? ನೀ ಮುಂದ ನೋಡಿ ಓಡಿಸು."

ಹೊರಗೆ ರಸ್ತೆ ಕರಗುವಂಥ ಬಿಸಿಲು. ಒಳಗೆ ಆಕೆ ಏನೋ ಒಂದು ತಿರುವಿದಳು ನೋಡ್ರಿ, ಮಾಘಮಾಸದ ಗಾಳಿ ಬಂದು ಮೊಣಕಾಲು ಹಿಡಕೊಂಡವು. ಇಟ್ಟಿಗಿಯಲ್ಲಿ ಚಾ ಕುಡಿಯೋಕೆ ನಿಲ್ಲಿಸಿದಾಗ ಬಾಗಿಲು ತೆಗೆದೆ. ಅಂಗಡಿ ಪಕ್ಕದಲ್ಲಿ ಮಲ್ಲಿಗೆ ಬುಟ್ಟಿಗಳನ್ನಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು, ಮೇಲೆ ಹೊದಿಸಿದ್ದ ಗೋಣಿಚೀಲಕ್ಕೆ ಕೈಯಿಂದ ನೀರು ಚಿಮುಕಿಸಿದಳು. ಒದ್ದೆ ಗೋಣಿ, ಅದರೊಳಗಿನ ಹೂವು, ಕಾದ ಮಣ್ಣು, ಮೂರರ ವಾಸನೆ ಕೂಡಿ ಬಂತು. ನನ್ನ ಕೈಯಲ್ಲಿದ್ದ ಚಾ ಆರಿಹೋಗುವ ತನಕ ಅಲ್ಲೇ ನಿಂತುಬಿಟ್ಟೆ. ನನಗೆ ನಮ್ಮ ಮನಿಮೋಟ್ರು ನೆನಪಾಗಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆ ಅದು. ನಾನು ಆಗ ಕೊಟ್ಟೂರಿನ ಹತ್ತಿ ಗಿರಣಿಯೊಂದರಲ್ಲಿ ಲಾರಿ ಓಡಿಸುತ್ತಿದ್ದೆ. ಮನೆ ಕೂಡ್ಲಿಗಿ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ನಮ್ಮವ್ವ ಬಸಮ್ಮ, ಹೊಸದಾಗಿ ಬಂದ ನನ್ನ ಹೆಂಡತಿ ಗಂಗಮ್ಮ, ನಾನು. ಅಕ್ಕ ಹಾಲಮ್ಮನನ್ನು ಹಡಗಲಿಗೆ ಕೊಟ್ಟಿತ್ತು, ಮಲ್ಲಿಗೆ ತೋಟದವರ ಮನೆಗೆ. ಮದುವೆಯಾಗಿ ಬಹಳ ವರ್ಷ ಅವಳ ಮಡಿಲು ತುಂಬಲಿಲ್ಲ. ಎರಡು ಸಲ ನಿಂತು, ಎರಡು ಸಲವೂ ಜಾರಿಹೋಯಿತು. ಆ ವರ್ಷ ಮತ್ತೆ ನಿಂತಿತು. ಏಳು ತಿಂಗಳು ತುಂಬಿತು ಅಂತ ಸುದ್ದಿ ಬಂದಾಗ ಅವ್ವ ಹಾಸಿಗೆಯಲ್ಲೇ ಕೈಮುಗಿದಳು. ಹಾಸಿಗೆಯಲ್ಲಿ ಯಾಕೆ ಅಂದರೆ, ಹಿಂದಿನ ಮಳೆಗಾಲದ ಮೊದಲು ಮಾಳಿಗೆಗೆ, ಅಂದರೆ ಮನೆಯ ಮಣ್ಣಿನ ಛಾವಣಿಗೆ, ಹೊಸ ಮಣ್ಣು ಹಾಕಲು ಹತ್ತಿ, ನಿಚ್ಚಣಿಕೆಯಿಂದ ಬಿದ್ದು ಸೊಂಟ ಮುರಕೊಂಡಿದ್ದಳು. ಮಲಗಿದರೆ ಸರಿ. ಕೂಡಿಸಿದರೆ ಜೀವ ಹೋದಂತೆ ಕೂಗುತ್ತಿದ್ದಳು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಕುಪ್ಪಸ, ಅಂದರೆ ಸೀಮಂತ ಮಾಡಿ, ಹಸಿರು ಬಳೆ ಇಡಿಸಿ, ಮಗಳನ್ನು ಕರಕೊಂಡು ಬರಬೇಕು. ನಾನು ಕರೆಯಲು ಹೋದೆ. ಹೋದರೆ ಮಾವ, ಅಂದರೆ ಅಕ್ಕನ ಗಂಡ ವಿರುಪಣ್ಣ, ಬಾಗಿಲಲ್ಲೇ ತಡೆದ.

"ಡಾಕ್ಟ್ರು ಅಂಗಳದಾಗ ನಾಕು ಹೆಜ್ಜಿ ಅಡ್ಡಾಡಲಿ, ಅಷ್ಟ ಅಂದಾರಪಾ ಕೊಟ್ರೇಶಿ. ಬಸ್ಸು, ಗಾಡಿ ಏನೂ ಹತ್ತಬಾರದಂತ. ಹಿಂದಿನ ಎರಡು ಸಲ ಆದಂಗ ಆಗಬಾರದು ನೋಡು."

ಅಕ್ಕ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಹೋಗಿ ಕುಂತ ಮೇಲೆ ತಿರುಗಿದಳು. "ಕೊಟ್ರಾ, ಎರಡು ಸಲ ತವರುಮನಿ ಮುಟ್ಟೋದ್ರಾಗ ಹೋತು. ಈ ಸಲ ಅವ್ವನ ಕೈಯಾಗ, ತವರುಮನ್ಯಾಗ ಆಗಬೇಕಂತ ಬೇಡಿಕೊಂಡೀನಿ. ಇಲ್ಲಂದ್ರ ನನಗ ಧೈರ್ಯ ಇಲ್ಲಲೇ" ಅಂದಳು. ಅಕ್ಕ ಅಳುವ ಪೈಕಿ ಅಲ್ಲ. ಚಿಕ್ಕವರಿದ್ದಾಗ ನನ್ನನ್ನೇ ಹೊಡೆದು ಅಳಿಸಿದವಳು. ಅವತ್ತು ಅವಳ ಕೆನ್ನೆ ಒದ್ದೆಯಾಗಿತ್ತು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಮಗಳು ಬರುವಂತಿಲ್ಲ, ತಾಯಿ ಏಳುವಂತಿಲ್ಲ. ಅವ್ವ ಬಹಳ ಹೊತ್ತು ತೊಲೆ ಎಣಿಸಿದಳು.

"ಹಂಗಾರ ತವರುಮನಿನ ಹೊತ್ತುಕೊಂಡು ಹೋಗು" ಅಂದಳು.

"ಯವ್ವಾ, ಜ್ವರ ಬಂದಾವೇನು ನಿನಗ?"

"ಹೌದು, ಬಂದಾವ. ನೀ ದೊಡ್ಡ ಡ್ರೈವರ್ ಅದೀಯಲ್ಲ, ಮಂದಿ ಹತ್ತಿ ಹೊರ್ತೀದಿ, ನಿಮ್ಮವ್ವನ ಮನಿ ಹೊರಾಕ ಆಗಂಗಿಲ್ಲೇನು?"

ಅವಳು ಸಿಟ್ಟಿಗೆ ಅಂದಿದ್ದು. ಆದರೆ ಆ ಮಾತು ಕೇಳಿದ ಕೂಡಲೇ ನನಗೆ ಗಿರಣಿ ಹಿತ್ತಲಿನಲ್ಲಿ ನಿಂತಿದ್ದ ಗಾಡಿ ಕಣ್ಣಮುಂದೆ ಬಂತು.

ಅದನ್ನು ನಾವು ಮನಿಮೋಟ್ರು ಅಂತಿದ್ವಿ. ಹಿಂದೆ ಡ್ಯಾಮು ಕಟ್ಟುವಾಗ ಯಾರೋ ಇಂಜಿನಿಯರು ಬಯಲಿನಲ್ಲಿ ಮಲಗೋಕೆ ಅಂತ ಮಾಡಿಸಿಕೊಂಡದ್ದಂತೆ. ಉದ್ದ ಮೂತಿಯ ಇಂಗ್ಲಿಷರ ಕಾಲದ ಪೆಟ್ರೋಲ್ ಗಾಡಿ, ಅದರ ಹಿಂದೆ ಅರ್ಧ ಕಟ್ಟಿಗೆ, ಅರ್ಧ ತಗಡಿನ ಒಂದು ಕೋಣೆ. ಕೋಣೆಯೊಳಗೆ ಮಡಚುವ ಮಂಚ, ಗೋಡೆಗೆ ಹೊಂದಿಸಿದ ಅಲಮಾರು, ಕೈತೊಳೆಯುವ ಬೋಗುಣಿ, ಜಾಳಿಗೆಯ ಕಿಟಕಿ, ನೆತ್ತಿಯ ಮೇಲೆ ಮುಚ್ಚಳ ಇರೋ ಕಿಂಡಿ. ಕೈಯಿಂದ ಕೈಗೆ ಬಂದು ನಮ್ಮ ಗಿರಣಿಗೆ ಸೇರಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು.

ಸಾಹುಕಾರರ ಮುಂದೆ ಕೈಕಟ್ಟಿ ನಿಂತು ಕೇಳಿದೆ. ಅವರು ನಕ್ಕು, "ಓಡಿದ್ರ ನಿಂದು. ಓಡದಿದ್ರ ಎಲ್ಲಿ ನಿಲ್ತೈತೋ ಅಲ್ಲೇ ಬಿಟ್ಟು ಬಾ, ನನ್ನ ಹಿತ್ತಲಾದ್ರೂ ಖಾಲಿ ಆಗಲಿ" ಅಂದರು. ಆ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ ಅಂತ ಇವತ್ತಿಗೂ ನೆನೆಸ್ತೀನಿ. ಕೆಲಸ ಮುಗಿದ ಮೇಲೆ ದಿನಾ ಸಂಜೆ ಅದರ ಹೊಟ್ಟೆ ಬಿಚ್ಚಿ ಕುಂತೆ. ಪ್ಲಗ್ಗು ತಿಕ್ಕಿದೆ, ರೇಡಿಯೇಟರಿನ ತೂತಿಗೆ ಬೆಸುಗೆ ಹಾಕಿಸಿದೆ, ಕೋಳಿಗಳ ಕಾಲು ಹಿಡಿದು ಹೊರಗೆ ಹಾಕಿದೆ. ಕೊನೆಗೊಂದು ದಿನ ಕೆಮ್ಮಿ, ಉಗುಳಿ, ಹೊಗೆ ಬಿಟ್ಟು ಎದ್ದಿತು.

ಊರಿಗೆ ತಂದು ಅಂಗಳದಲ್ಲಿ ನಿಲ್ಲಿಸಿ, ಅವ್ವನನ್ನು ಹೊರಸಿನ ಸಮೇತ ಎತ್ತಿ ಒಳಗಿಟ್ಟೆವು. ಅವ್ವ ಮಲಗಿದಲ್ಲಿಂದಲೇ ನಾಲ್ಕೂ ಕಡೆ ನೋಡಿದಳು. "ಅಲಮಾರು ಐತಿ. ಬೆಳಕಿಂಡಿ ಐತಿ. ದೀಪಕ್ಕ ಗೂಟ ಐತಿ. ಮನಿನ ಹೌದು" ಅಂದಳು. ಮುಖ ಅರಳಿತು. ಮರುಗಳಿಗೆ ಹಣೆ ಒರೆಸಿಕೊಂಡು, "ಅಯ್ಯಯ್ಯಪ್ಪ, ಇದು ಮನಿ ಅಲ್ಲೋ, ರೊಟ್ಟಿ ಹಂಚು! ಹೊರಗ ತಗೀರಿ ನನ್ನ, ಸುಟ್ಟೆ!" ಅಂತ ಬಾಯಿ ಮಾಡಿದಳು.

ತಗಡಿನ ಛಾವಣಿ ಅಲ್ಲವೇನ್ರಿ. ಹತ್ತು ಗಂಟೆ ಬಿಸಿಲಿಗೇ ಮುಟ್ಟಿದರೆ ಬೊಬ್ಬೆ ಬರುತ್ತಿತ್ತು. ಮುಂದಿನಿಂದ ಎಂಜಿನಿನ ಝಳ, ಮೇಲಿನಿಂದ ಸೂರ್ಯನ ಝಳ. ಬೆಳಗಿನ ಜಾವ ಹೊರಟು ತಂಪಿನಲ್ಲೇ ಮುಟ್ಟೋಣ ಅಂದರೆ ಆ ಗಾಡಿಯ ದೀಪ ಹುಡುಕಲು ಇನ್ನೊಂದು ದೀಪ ಬೇಕಾಗಿತ್ತು. ಬೆಳಕಾದ ಮೇಲೆ ಅವ್ವನ ಸ್ನಾನ, ಲಿಂಗಪೂಜೆ ಮುಗಿಯದೆ ಆಕೆ ಹನಿ ನೀರು ಮುಟ್ಟುವವಳಲ್ಲ. ಸೊಂಟ ಮುರಿದವಳಿಗೆ ಅದೆಲ್ಲ ಆಗುವಷ್ಟರಲ್ಲಿ ಹೊತ್ತು ಮೇಲೆ ಬಂದಿರುತ್ತಿತ್ತು. ಹಾಗಾಗಿ ಬಿಸಿಲಿನಲ್ಲೇ ಹೋಗಬೇಕು, ಬಿಸಿಲಿನಲ್ಲೇ ಅವಳನ್ನು ಉಳಿಸಿಕೊಂಡು ಹೋಗಬೇಕು.

ಗಂಗಮ್ಮನ ತವರು ಇಟ್ಟಿಗಿ ಕಡೆಯದು, ಹೂವಿನವರು. ಅವಳು ಮೆಲ್ಲಗೆ, "ಅತ್ತೀ, ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದ್ರ ತಂಪಾಗ್ತೈತ್ರಿ. ನಮ್ಮಲ್ಲಿ ಹೂವಿನ ಬುಟ್ಟಿಗಿ ಹಂಗ ಮಾಡ್ತೀವಿ" ಅಂದಳು.

"ನಾನೇನು ಮಾರಾಕ ಹೊಂಟ ಮಲ್ಲಿಗ್ಯೇನು?" ಅಂದಳು ಅವ್ವ. "ತವರುಮನಿ ಅಂದ್ರ ಮಾಳಿಗಿ ಮನಿ. ಮಾಳಿಗಿ ಒಳಗ ಎಂಥ ಬಿಸಿಲಾದ್ರೂ ತಣ್ಣಗಿರ್ತೈತಿ. ಇದರ ಮ್ಯಾಲ ಮಣ್ಣು ಹಾಕ್ರಿ."

ನೀವು ನಗಬಹುದು. ಆದರೆ ನಮ್ಮ ಊರಲ್ಲಿ ಒಬ್ಬರೂ ನಗಲಿಲ್ಲ! ಮಾಳಿಗೆಯ ಕೆಳಗೇ ಹುಟ್ಟಿ ಬೆಳೆದವರು ನಾವು, ಎಲ್ಲರಿಗೂ ಸರಿ ಅನ್ನಿಸಿತು. ನನಗೂ ಅನ್ನಿಸಿತು. ಓಣಿಯವರೆಲ್ಲ ಕೂಡಿ ಛಾವಣಿ ಸುತ್ತ ಹಲಗೆ ಬಡಿದರು, ಬೇವಿನ ಸೊಪ್ಪು ಹಾಸಿದರು, ಹದವಾದ ಮಣ್ಣು ತುಳಿದು ಹಾಕಿದರು, ಮೇಲೆ ಸೌಳು, ಅಂದರೆ ಮಾಳಿಗೆ ಸೋರದಂತೆ ಹರಡುವ ಬಿಳಿ ಮಣ್ಣು, ಅದನ್ನೂ ಹೊಯ್ದರು. ಅವ್ವ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿ ಮೇಸ್ತ್ರಿಕೆ ಮಾಡಿದಳು. "ಆ ಮೂಲಿಗಿ ತೆಳ್ಳಗಾತು, ಇನ್ನೊಂದು ಪುಟ್ಟಿ ಹಾಕು! ಏ ಕೊಟ್ರಾ, ತುಳಿಯೋದ ತುಳಿತೀದಿ, ಕಾಲಾಗ ಜೋರಿಲ್ಲೇನು?" ನೀರು ಹೋಗಲು ದೋಣಿ ಇಟ್ಟಿಲ್ಲ ಅಂತ ಒಬ್ಬ ತಕರಾರು ತೆಗೆದ. ಅದನ್ನೂ ಇಟ್ಟರು.

ಸುಳ್ಳು ಯಾಕೆ ಹೇಳಲಿ, ತಣ್ಣಗೆ ಆಯಿತು. ನಡುಮಧ್ಯಾಹ್ನ ಅದರೊಳಗೆ ಹೊಕ್ಕರೆ ನಮ್ಮ ಪಡಸಾಲೆಯಲ್ಲಿ ಮಲಗಿದಂತೆ. ಓಣಿಯ ಮುದುಕರು ಅವ್ವನ ಯೋಗಕ್ಷೇಮ ಕೇಳುವ ನೆವದಲ್ಲಿ ಬಂದು ಅಲ್ಲೇ ಗೊರಕೆ ಹೊಡೆದರು. ಅವ್ವನ ಹೆಮ್ಮೆ ಏನು ಕೇಳ್ತೀರಿ! ಒಂದು ವಾರ ನಮ್ಮೂರಿನ ಅತ್ಯಂತ ತಂಪಾದ ಮನೆಗೆ ನಾಲ್ಕು ಗಾಲಿ ಇದ್ದವು.

ಹೊರಟ ದಿನ ಅದು ಮನೆ ಅಲ್ಲ, ಮೋಟಾರು ಅಂತ ಗೊತ್ತಾಯಿತು.

ಮಂಚದ ಮೇಲೆ ಅವ್ವ, ಅವಳ ತಲೆದೆಸೆಯಲ್ಲಿ ಗಂಗಮ್ಮ, ಬಾಣಂತಿ ಖಾರದ ಡಬ್ಬಿ, ತೊಟ್ಟಿಲು, ಹಸಿರು ಸೀರೆ, ನೀರಿನ ಕೊಡಗಳು. ಊರು ದಾಟಿದ್ದೇ ತಡ, ಗಾಡಿ ಗಬ್ಬದ ಎಮ್ಮೆಯಂತೆ ಹೊಯ್ದಾಡತೊಡಗಿತು. ಸಣ್ಣ ಏರು ಬಂದರೂ ಎರಡನೇ ಗೇರು, ಒಂದನೇ ಗೇರು. ಕೊಟ್ಟೂರು ಮುಟ್ಟುವ ಮೊದಲೇ ರೇಡಿಯೇಟರು ಕುದಿದು ಸೀಟಿ ಹೊಡೆಯಿತು. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಬಾನೆಟ್ಟು ಎತ್ತಿ, ಮೂತಿಯನ್ನು ಗಾಳಿಯ ಕಡೆ ತಿರುಗಿಸಿ ನಿಲ್ಲಿಸಿ, ಅದು ಉಸಿರು ಬಿಡುವ ತನಕ ಕಾಯಬೇಕು. ಕಾದೆ. ಹೊರಟೆ. ಮತ್ತೆ ಕುದಿಯಿತು. ಎಂಜಿನಿಗೆ ಪೆಟ್ರೋಲು ಎಳೆದುಕೊಡುವ ಪಂಪು ಕಾದು, ಪೆಟ್ರೋಲು ಅದರೊಳಗೇ ಆವಿಯಾಗಿ ಎಂಜಿನ್ನು ಬಿಕ್ಕಳಿಸಿತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ, ಹೊರಟಿತು. ಬಟ್ಟೆ ಒಣಗಿತು, ನಿಂತಿತು.

ಕೊಟ್ಟೂರು ದಾಟಿ ಇಟ್ಟಿಗಿ ದಾರಿ ಹಿಡಿದ ಮೇಲೆ ಮೇಲಿನ ಮಣ್ಣು ಒಣಗಿ ಸೀಳು ಬಿಟ್ಟಿತು. ರಸ್ತೆಯೋ, ಗುಂಡಿಗಳ ನಡುವೆ ಅಲ್ಲಲ್ಲಿ ರಸ್ತೆ. ಒಂದು ದೊಡ್ಡ ಗುಂಡಿಯಲ್ಲಿ ಗಾಲಿ ಇಳಿದು ಎದ್ದಾಗ ಧಡ್ ಅಂತ ಶಬ್ದ ಆಯಿತು. ಹಿಂದಿನಿಂದ ಗಂಗಮ್ಮ ಕಿರುಚಿದಳು. ಓಡಿಹೋಗಿ ನೋಡಿದರೆ ಬೆಳಕಿಂಡಿಯ ಮುಚ್ಚಳ ಕಿತ್ತು, ಬುಟ್ಟಿಗಟ್ಟಲೆ ಮಣ್ಣು ಅವ್ವನ ಎದೆಯ ಮೇಲೆ ಬಿದ್ದಿದೆ! ಕಣ್ಣು ಬಾಯಿ ಬಿಟ್ಟರೆ ಉಳಿದದ್ದೆಲ್ಲ ಮಣ್ಣು. ಅವ್ವ ಥೂ ಥೂ ಅಂತ ಉಗುಳಿ ಅಂದಳು: "ಸತ್ತ ಮ್ಯಾಲ ಹಾಕೋ ಮಣ್ಣು ಈಗಲೇ ಹಾಕಿದ್ರೆಲ್ಲೋ ನನ್ನ ಮಕ್ಕಳ್ರ್ಯಾ!"

ಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡರೂ ಬಂದುಬಿಟ್ಟಿತು. ನಾನು ಹೆದರಿ ಅವ್ವನ ಮುಖ ನೋಡಿದೆ. ಅವ್ವನೂ ನಗುತ್ತಿದ್ದಳು. ಸೊಂಟ ನೋಯುತ್ತದೆ ಅಂತ ಹಿಡಿದುಕೊಂಡು ನಗುತ್ತಿದ್ದಳು. "ಕೆಡವು ಕೊಟ್ರಾ, ಕೆಡವು. ಮಾಳಿಗಿ ಅಲ್ಲಿದ್ರೇನು, ನಾನು ಮುಟ್ಟಿದ್ರ ಸಾಕು."

ಹೊಲದಲ್ಲಿದ್ದ ರೈತನೊಬ್ಬ ಬಂದು ನೋಡಿ, "ಏನಣ್ಣ, ಮೋಟ್ರಿನ ಮ್ಯಾಲ ಬಿತ್ತಿಗಿ ಮಾಡೀರೇನು? ಏನು ಬೆಳಿ?" ಅಂದ. ನಕ್ಕೋತ ನಕ್ಕೋತಲೇ ಸಲಿಕೆ ತಂದು ಕೂಡ ನಿಂತು ಮಣ್ಣು ಎಳೆದ. ಆತನ ಹೆಸರು ಕೇಳಲಿಲ್ಲ ನಾನು. ಎಲ್ಲಿದ್ದರೂ ಅವನ ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ.

ಮಣ್ಣು ಇಳಿದ ಮೇಲೆ ಎಂಜಿನ್ನು ಹಗುರಾಯಿತು, ಆದರೆ ತಗಡು ಬೆತ್ತಲಾಯಿತು. ಹೊತ್ತು ನೆತ್ತಿಯ ಮೇಲೆ. ನಾವು ಮಣ್ಣು ಎಳೆಯುವಷ್ಟರಲ್ಲಿ ಒಳಗೆ ಒಲೆಯಂತಾಗಿತ್ತು. ಗಂಗಮ್ಮ ಕರೆದ ದನಿ ಈ ಸಲ ಬೇರೆ ಇತ್ತು. "ಬರ್ರಿ ಇಲ್ಲಿ, ಅತ್ತಿ ಮಾತಾಡವಲ್ಲರು." ಹತ್ತಿ ನೋಡಿದೆ. ಅವ್ವನ ತುಟಿ ಬೆಳ್ಳಗಾಗಿತ್ತು. ಮೈಯಲ್ಲಿ ಬೆವರೇ ಇಲ್ಲ, ಮುಟ್ಟಿದರೆ ಸುಡುತ್ತಿತ್ತು. "ಯವ್ವಾ, ಯವ್ವಾ" ಅಂದರೆ ಕಣ್ಣು ಅರ್ಧ ತೆರೆದು, "ಹಾಲಿ ಒಬ್ಬಾಕಿ ಅದಾಳೋ" ಅಂತ ಅಕ್ಕನನ್ನು ನೆನೆದು ಒಂದು ಮಾತು ಅಂದಳು, ಮತ್ತೆ ಮುಚ್ಚಿದಳು. ಲಾರಿ ಉರುಳಿದಾಗಲೂ ಹೆದರದವನು ಅವತ್ತು ಹೆದರಿದೆ. ತಿರುಗಿ ಊರಿಗೂ ದೂರ, ಮುಂದೆ ಹಡಗಲಿಗೂ ದೂರ. ಅಲ್ಲಿ ಅಕ್ಕ ಬಾಗಿಲಿಗೆ ಕಣ್ಣು ಇಟ್ಟುಕೊಂಡು ಕುಂತಿದ್ದಾಳೆ. ನಾನು ಅವಳ ಮುಂದೆ ಯಾವ ಮುಖ ಹೊತ್ತು, ಏನನ್ನು ಹೊತ್ತು ಇಳಿಯಲಿ?

"ನಿಂತೇನು ನೋಡ್ತೀರಿ, ಆ ಅಣ್ಣನ ಕಡಿಗೆ ಗೋಣಿ ಅದಾವೇನು ಕೇಳ್ರಿ!" ಅಂದಳು ಗಂಗಮ್ಮ. ಅಷ್ಟು ಜೋರಾಗಿ ನನ್ನ ಮೇಲೆ ಅವಳು ಮಾತಾಡಿದ್ದು ಅದೇ ಮೊದಲು. ಆಮೇಲೆ ರೂಢಿ ಆಯಿತು ಬಿಡ್ರಿ.

ಮೊದಲು ಅವ್ವನ ಮಂಚವನ್ನು ನಾವು ಮೂವರೂ ಎತ್ತಿ ಹುಣಸೆಮರದ ನೆರಳಿಗೆ ಇಟ್ಟೆವು. ಗಂಗಮ್ಮ ಸೀರೆ ತೋಯಿಸಿ ಹೊದಿಸಿದಳು, ಅಂಗಾಲಿಗೆ, ಕುತ್ತಿಗೆಗೆ ಒದ್ದೆ ಬಟ್ಟೆ ಹಚ್ಚಿ ಮೊರದಿಂದ ಗಾಳಿ ಹಾಕಿದಳು. ಹಾಕುತ್ತಲೇ ನಮಗೆ ಹುಕುಂ ಕೊಟ್ಟಳು. ರೈತ ಬಣವೆಯಿಂದ ಜೋಳದ ಸೊಪ್ಪೆಯ, ಅಂದರೆ ಒಣದಂಟಿನ, ಸಿವುಡು ಕಟ್ಟುಗಳನ್ನು ತಂದ. ಅದನ್ನು ತಗಡಿಗೆ ಅಂಟುವಂತೆ ಹಾಕಲು ಹೋದೆ.

"ಹಂಗಲ್ಲ! ಅಡಿಯಾಗ ಗಾಳಿ ಆಡಬೇಕು. ಹೂವಿನ ಬುಟ್ಟಿ ತಳಾ ಮುಚ್ಚಿದ್ರ ಹೂವು ಬೇಯ್ತಾವ. ಕಟಿಗಿ ಅಡ್ಡ ಇಟ್ಟು ಅದರ ಮ್ಯಾಲ ಹಾಸ್ರಿ."

ಸುತ್ತ ಬಡಿದಿದ್ದ ಹಲಗೆಗಳನ್ನೇ ಕಿತ್ತು ಅಡ್ಡ ಇಟ್ಟು, ಅವುಗಳ ಮೇಲೆ ಸೊಪ್ಪೆ ಹಾಸಿ ಹಗ್ಗ ಬಿಗಿದೆ. ತಗಡಿಗೂ ಸೊಪ್ಪೆಗೂ ನಡುವೆ ಒಂದು ಗೇಣು ಸಂದು. ಗಾಳಿ ಬರುವ ಕಡೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದಳು. ಎದುರು ಕಡೆಯ ಕಿಟಕಿಗಳನ್ನು ಬಿಚ್ಚಿಟ್ಟಳು, ಮುಚ್ಚಳ ಹೋದ ನೆತ್ತಿಯ ಕಿಂಡಿಯನ್ನೂ ಹಾಗೇ ಬಿಟ್ಟಳು, ಬಂದ ಗಾಳಿ ಹೋಗೋಕೆ. ಎಂಜಿನಿಗೂ ಕೋಣೆಗೂ ನಡುವೆ ಇನ್ನೆರಡು ಗೋಣಿ. ನಾನು ಬಾನೆಟ್ಟಿನ ಪಕ್ಕದ ತಗಡುಗಳನ್ನು ಬಿಚ್ಚಿ ಒಳಗೆ ಎಸೆದೆ, ಝಳ ಹೊರಗೇ ಹೋಗಲಿ ಅಂತ. ಇಷ್ಟು ಮಾಡುವಷ್ಟರಲ್ಲಿ ಅವ್ವನ ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿತು. ಬೆವರು ಕಂಡು ಅಷ್ಟು ಖುಷಿಪಟ್ಟ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಗುಟುಕು ಗುಟುಕಾಗಿ ಮಜ್ಜಿಗೆ ಕುಡಿದಳು. ಕಣ್ಣು ಬಿಟ್ಟು ಗಂಗಮ್ಮನನ್ನು ನೋಡಿದಳು.

"ಹೂವಿನ ಬುಟ್ಟಿ ಮಾಡಿದೇನೇ ನನ್ನ?"

"ಹೂಂ ಅತ್ತಿ."

"ಛಲೋ ಮಾಡಿದಿ. ಹತ್ತಿಸ್ರಿ."

ಆಮೇಲಿನ ದಾರಿಯನ್ನು ನಾನು ಸಾಯುವ ತನಕ ಮರೆಯೋದಿಲ್ಲ. ಎತ್ತಿನ ಗಾಡಿಗಿಂತ ಸ್ವಲ್ಪ ಜೋರು, ಸೈಕಲ್ಲಿಗಿಂತ ಸ್ವಲ್ಪ ಸಾವಕಾಶ. ಬಾವಿ ಕಂಡಲ್ಲಿ ನಿಲ್ಲುವುದು, ಗೋಣಿ ತೋಯಿಸುವುದು, ಪಂಪಿನ ಬಟ್ಟೆ ತೋಯಿಸುವುದು, ಎಂಜಿನಿನ ಮೂತಿಯನ್ನು ಗಾಳಿಗೆ ತಿರುಗಿಸುವುದು. ಗಾಡಿ ಓಡಿದಷ್ಟೂ ಒದ್ದೆ ಗೋಣಿಯಿಂದ ತಂಪು ಗಾಳಿ ಒಳಗೆ ನುಗ್ಗುತ್ತಿತ್ತು. ಮಣ್ಣಿನ ಮಾಳಿಗೆ ನಿಂತರೆ ಮಾತ್ರ ತಂಪು, ಇದು ನಡೆದರೆ ತಂಪು! ಇಟ್ಟಿಗಿಯಲ್ಲಿ ಗಂಗಮ್ಮನ ತವರಿನವರು ರಸ್ತೆಗೆ ಬಂದು, ಹೂವು ತುಂಬಿ ತುಂಬಿ ಘಮ ಹಿಡಿದಿದ್ದ ಗೋಣಿಗಳನ್ನು ಕೊಟ್ಟರು. ಅವನ್ನು ತೋಯಿಸಿ ಕಟ್ಟಿದ ಮೇಲೆ ಕೋಣೆಯೆಲ್ಲ ಮಲ್ಲಿಗೆ. ಹಿಂದಿನಿಂದ ಅವ್ವ ಹಾಡಿಕೊಳ್ಳುವ ದನಿ ಕೇಳಿಸಿತು. ನಾನು ಮುಂದೆ ಒಬ್ಬನೇ ಸ್ಟೇರಿಂಗಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ.

ಹೊತ್ತು ಇಳಿಯುವ ಮುಂಚೆ ಹಡಗಲಿ ತೋಟ ಮುಟ್ಟಿದೆವು. ಮಾವ ಅಂಗಳದಲ್ಲಿ ನಿಂತವನು ಬಾಯಿ ತೆರೆದು ಹಾಗೇ ನಿಂತ. ಸೊಪ್ಪೆ ಹೊದ್ದು, ಗೋಣಿ ಉಟ್ಟು, ಮೈತುಂಬ ಮಣ್ಣು ಬಳಿದುಕೊಂಡು ಬಂದ ಆ ಪ್ರಾಣಿ ಏನು ಅಂತ ಅವನಿಗೆ ತಿಳಿಯಲಿಲ್ಲ. "ಏನಪಾ ಕೊಟ್ರೇಶಿ ಇದು?"

"ನಿನ್ನ ಅತ್ತಿಮನಿ, ಮಾವ."

ಅಕ್ಕ ಹೊಸ್ತಿಲಿಗೆ ಬಂದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಅಂಗಳ ದಾಟಿದಳು. ಡಾಕ್ಟರು ಹೇಳಿದ ನಾಲ್ಕು ಹೆಜ್ಜೆಗಿಂತ ಒಂದೆರಡು ಜಾಸ್ತಿ ಇದ್ದಾವು. ಗಾಡಿಯ ಮೆಟ್ಟಿಲ ಮೇಲೆ ಗಂಗಮ್ಮ ಆರತಿ ಹಿಡಿದು ನಿಂತಿದ್ದಳು. ಒಳಗಿನಿಂದ ಅವ್ವ, "ಬಲಗಾಲು ಇಟ್ಟು ಬಾರವ್ವ, ಬಾ ನಿನ್ನ ಮನಿಗಿ" ಅಂದಳು. ಅಕ್ಕ ಒಳಗೆ ಹೋದಳು. ಆಮೇಲೆ ಇಬ್ಬರೂ ಕೂಡಿ ಅಳುವುದು, ಇಬ್ಬರೂ ಕೂಡಿ ನಗುವುದು ಕೇಳಿಸಿತು. ನಾನು, ಮಾವ, ಇಬ್ಬರೂ ರೇಡಿಯೇಟರು ನೋಡುವವರಂತೆ ಆ ಕಡೆ ಹೋದೆವು.

ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಹಸಿರು ಸೀರೆ ಉಡಿಸಿ ಕುಪ್ಪಸದ ಕಾರ್ಯ ಅದರೊಳಗೇ ಆಯಿತು. ಅಕ್ಕ ಅಲ್ಲೇ ಉಳಿದಳು, ಅವ್ವನ ಪಕ್ಕದಲ್ಲಿ ಹಾಸಿಗೆ. ನಾನು ಗಿರಣಿ ಕೆಲಸಕ್ಕೆ ಹೋಗಿ ಬಂದು ಮಾಡಿದೆ. ದವಾಖಾನೆಯ ನರ್ಸಮ್ಮ ಮೊದಲ ಸಲ ನೋಡಲು ಬಂದಾಗ, "ಇದೇನ್ರೀ, ಮೋಟ್ರಿನಾಗ ಬಾಣಂತನಾನಾ?" ಅಂತ ಮೂಗು ಮುರಿಯಲು ಹೊರಟವರು, ಒಳಗೆ ಕಾಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಒಂಚೂರು ಕುಂದರ್ತೀನಿ ತಡೀರಿ. ದವಾಖಾನಿಗಿಂತ ತಂಪೈತಿ" ಅಂದರು. ಆ ಮಹಾತಾಯಿಯೇ ಹೆರಿಗೆಯ ದಿನವೂ ಬಂದರು.

ದಿನ ತುಂಬಿ ನೋವು ಬಂದದ್ದು ಒಂದು ಮಧ್ಯಾಹ್ನ. ಗಾಳಿ ಸತ್ತುಹೋಗಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಗಾಳಿ ಇಲ್ಲದಿದ್ದರೆ ಒದ್ದೆ ಗೋಣಿ ಏನು ಮಾಡೀತು? ಒಳಗೆ ಹಬೆ ಕಟ್ಟಿತು. ಗಂಗಮ್ಮ ಹೊರಗೆ ಮುಖ ಹಾಕಿ, "ಗಾಳಿ ಬೇಕ್ರಿ, ಎಲ್ಲಿಂದಾದ್ರೂ ತರ್ರಿ" ಅಂದಳು. ಎಲ್ಲಿಂದ ತರಲಿ? ತೋಟದಲ್ಲಿ ಹೂ ಕಟ್ಟುತ್ತಿದ್ದ ಹೆಣ್ಣುಮಕ್ಕಳೆಲ್ಲ ಎದ್ದು ಬಂದರು. ಮೊರ, ತಟ್ಟೆ, ಹೂವಿನ ಚಾಪೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಗೋಣಿ ಕಟ್ಟಿದ ಕಿಟಕಿಗಳ ಮುಂದೆ ಸಾಲಾಗಿ ನಿಂತು ಬೀಸತೊಡಗಿದರು. ನಾನು, ಮಾವ ಬಾವಿಯಿಂದ ಸೇದಿ ಸೇದಿ ಗೋಣಿಗೆ, ಸೊಪ್ಪೆಗೆ ಹೊಯ್ದೆವು. ಒಳಗಿನಿಂದ ಅವ್ವನ ದನಿ ಒಂದೇ ಸಮ: "ನಾನಿದೀನಿ ಹಾಲಿ, ಇಲ್ಲೇ ಇದೀನಿ. ನನ್ನ ಕೈ ಮುರದ್ರೂ ಚಿಂತಿಲ್ಲ, ಬಿಗಿಯಾಗಿ ಹಿಡಿ." ಹೊರಗೆ ಮೊರಗಳ ಸಪ್ಪಳ. ಯಾರೂ ಕೈ ಸೋತವು ಅನ್ನಲಿಲ್ಲ. ಹಾಗೆ ಬೀಸುತ್ತ ಬೀಸುತ್ತಲೇ ಕೂಸು ಅತ್ತ ದನಿ ಕೇಳಿತು. ಮಾವನ ಕೈಯಿಂದ ಕೊಡ ಜಾರಿ ಅವನ ಕಾಲ ಮೇಲೇ ಬಿತ್ತು. ಅವನಿಗೆ ಗೊತ್ತೂ ಆಗಲಿಲ್ಲ.

ಹೆಣ್ಣುಕೂಸು. ನರ್ಸಮ್ಮ ಒರೆಸಿ ಮೊದಲು ಅವ್ವನ ಎದೆಯ ಮೇಲೆ ಮಲಗಿಸಿದರು. ಕೆಲವು ವಾರದ ಹಿಂದೆ ಮಣ್ಣು ಬಿದ್ದಿದ್ದ ಆ ಎದೆಯ ಮೇಲೆ ಕೂಸು ಕೈಕಾಲು ಬಡಿಯುವುದನ್ನು ಕಿಟಕಿಯಿಂದ ನೋಡಿದೆ. ಅದಕ್ಕಿಂತ ದೊಡ್ಡದನ್ನು ನಾನು ನೋಡಿಲ್ಲ, ನೋಡಬೇಕು ಅಂತ ಬೇಡಿಕೊಂಡೂ ಇಲ್ಲ.

ಬಾಣಂತನ ಮುಗಿಯುವಷ್ಟರಲ್ಲಿ ಮಳೆ ಬಿದ್ದು ಹೊಲ ಹಸಿರಾಗಿತ್ತು. ಅವ್ವ ಒಂದು ದಿನವೂ ಮಗಳ ಮನೆಯ ಅನ್ನ ಉಣ್ಣಲಿಲ್ಲ. ಗಾಡಿಯಲ್ಲೇ ಒಲೆ, ಗಾಡಿಯಲ್ಲೇ ಗಂಗಮ್ಮನ ಅಡುಗೆ, ತವರುಮನೆ ಅಂದರೆ ತವರುಮನೆ. ಹಾಗಾಗಿ ಕಳಿಸುವ ಶಾಸ್ತ್ರವನ್ನೂ ಬಿಡಲಿಲ್ಲ. ಅಕ್ಕನಿಗೆ ಉಡಿ ತುಂಬಿ, ತೊಟ್ಟಿಲು ಕೊಟ್ಟು, ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, "ಹೋಗಿ ಬಾರವ್ವ ನಿನ್ನ ಮನಿಗಿ" ಅಂದಳು. ಅಕ್ಕ ತಾಯಿಯ ಕೊರಳಿಗೆ ಬಿದ್ದು, ದೂರದ ಊರಿಗೆ ಹೋಗುವವಳಂತೆ ಅತ್ತಳು. ಗಂಗಮ್ಮನೂ ಅತ್ತಳು. ನಾನು ತೊಟ್ಟಿಲು ಹೊತ್ತು ಮುಂದೆ, ಅಕ್ಕ ಕೂಸನ್ನು ಎತ್ತಿಕೊಂಡು ಹಿಂದೆ, ಅಂಗಳ ದಾಟಿದೆವು. ಬಾಗಿಲಲ್ಲಿ ಮಾವ ನಿಂತಿದ್ದ.

"ಬಾರಲೇ, ಬಾ. ಭಾಳ ದೂರದಿಂದ ಬಂದಿ, ದಣಿದಿರಬೇಕು" ಅಂದ.

ಅಕ್ಕ ಅಳುತ್ತಲೇ ನಕ್ಕು ಅವನ ಬೆನ್ನಿಗೊಂದು ಗುದ್ದಿದಳು.

ನಾನು ಬಂದು ಗಾಡಿ ಹತ್ತಿದೆ. ಕೆಮ್ಮಿ, ಉಗುಳಿ, ಹೊಗೆ ಬಿಟ್ಟು ಎದ್ದಿತು. ಜಾಳಿಗೆ ಕಿಟಕಿಯಿಂದ ಅವ್ವನ ಕೈ ಹೊರಗೆ ಬಂದು ಆಡುತ್ತಿತ್ತು. ಲೋಕದ ಹೆಣ್ಣುಮಕ್ಕಳೆಲ್ಲ ತವರುಮನೆ ಬಿಟ್ಟು ಹೋಗುತ್ತಾರೆ. ನಮ್ಮ ಅಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ತನ್ನ ಹೊಸ್ತಿಲಲ್ಲಿ ನಿಂತಿದ್ದಳು, ಅವಳ ತವರುಮನೆ ಅಂಗಳದಲ್ಲಿ ಒಂದು ಸುತ್ತು ತಿರುಗಿ, ಹಾರನ್ ಹೊಡೆದು, ಮಲ್ಲಿಗೆ ಸಾಲಿನ ನಡುವೆ ಹೋಯಿತು.